ಹೊಲದ ತುದಿಯ ಫೋನು

ಅವನು ಫೋನ್ ಬೂತಿನೊಳಗೆ ನಿಂತಿದ್ದ. ರಿಸೀವರ್ ಮಾತ್ರ ತನ್ನ ಜಾಗದಲ್ಲೇ ಇತ್ತು.

ಮಾತಾಡುವುದಿಲ್ಲ, ನಂಬರ್ ಒತ್ತುವುದಿಲ್ಲ, ಹೊರಗೂ ಬರುವುದಿಲ್ಲ... ಇದೆಂಥ ಮನುಷ್ಯ!

ಕಲ್ಯಾಣಿ ಗಾಜು ಬಡಿದಳು. ಮನೆಯ ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಬಂದಿದ್ದಳು. ಮೊಬೈಲಿನ ಚಾರ್ಜೂ ಮುಗಿದಿತ್ತು. ಹೊರಗೆ ಹೋಗಿದ್ದ ಚಿಕ್ಕಮ್ಮನಿಗೆ ಫೋನ್ ಮಾಡದೆ ಬೇರೆ ದಾರಿ ಇರಲಿಲ್ಲ.

“ಎಕ್ಸ್‌ಕ್ಯೂಸ್ ಮಿ! ಆರ್ ಯು ಯೂಸಿಂಗ್ ಇಟ್?”

“ಏನ್ ಅವಸರ ಐತೆಪಾ ಈ ಹುಡಿಗೀಗೆ...” ಎಂದು ಅವನು ತನ್ನಷ್ಟಕ್ಕೆ ಗೊಣಗಿದ.

ಲಂಡನ್ನಿನ ಗ್ರೀನ್‌ಫರ್ಡಿನ ರಸ್ತೆಯಲ್ಲಿ ಕನ್ನಡ! ಅದೂ ಬೈಗುಳದ ಕನ್ನಡ!

“ಅವಸರ ಇದೆ ಕಣ್ರೀ! ಮಾತಾಡೋ ಹಾಗಿದ್ರೆ ಮಾತಾಡಿ, ಇಲ್ಲಾಂದ್ರೆ ಆಚೆ ಬನ್ನಿ!”

ಆಗ ಅವನ ಮುಖ ನೋಡಬೇಕಿತ್ತು. ಕಿವಿಯವರೆಗೂ ಕೆಂಪಾಗಿ, ಬಾಗಿಲು ತಳ್ಳಿಕೊಂಡು ಹೊರಬಂದ.

“ತಪ್ಪಾತ್ರೀ. ಪ್ರತಿ ಶನಿವಾರ ನಾಲ್ಕಕ್ಕ ಅಮೇರಿಕಾದಿಂದ ಒಂದು ಫೋನ್ ಬರ್ತೈತಿ. ಇನ್ನೂ ಹೊತ್ತೈತಿ, ನೀವು ಮಾಡಿಕೋರಿ.”

“ಮನೇಲಿ ಫೋನ್ ಇಲ್ವಾ?”

“ಇಲ್ರೀ.”

“ಮೊಬೈಲು?”

“ಅದೂ ಇಲ್ರೀ.”

ಇಸವಿ 2001. ಶಾಲೆಯ ಮಕ್ಕಳ ಜೇಬಿನಲ್ಲೂ ಮೊಬೈಲು ಕಿರುಗುಟ್ಟುತ್ತಿದ್ದ ಕಾಲ. ಕ್ಯಾನರಿ ವಾರ್ಫಿನ ಆಫೀಸಿನಲ್ಲಿ ಕೂತು ಮೊಬೈಲ್ ಬಿಲ್ಲುಗಳ ಸಾಫ್ಟ್‌ವೇರ್ ಬರೆಯುವುದೇ ಕಲ್ಯಾಣಿಯ ಹೊಟ್ಟೆಪಾಡು. ಅವಳಿಗೆ ಗಂಟು ಬೀಳಲು ಲಂಡನ್ನಿನಲ್ಲಿ ಇವನೇ ಆಗಬೇಕಿತ್ತೇ!

ಹೆಸರು ಸಂಗಮೇಶ. ಧಾರವಾಡದವನು, ಮಕ್ಕಳ ಡಾಕ್ಟರು. ಆಸ್ಪತ್ರೆಯವರು ಕೊಟ್ಟ ಬ್ಲೀಪ್ ಎಂಬ ಪೇಜರು, ಡ್ಯೂಟಿ ಮುಗಿದೊಡನೆ ಆಸ್ಪತ್ರೆಯಲ್ಲೇ ಉಳಿಯುತ್ತಿತ್ತು. ಲಂಡನ್ನಿಗೆ ಬರುವ ಮೊದಲು ಅಮೇರಿಕಾದ ಪೆನ್ಸಿಲ್ವೇನಿಯಾದಲ್ಲಿ, ಹಳೆಯ ಕಾಲದಂತೆ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಜನರ ನಡುವೆ ಕೆಲಸ ಮಾಡಿದ್ದ.

ಇದೆಲ್ಲ ಅವಳಿಗೆ ಗೊತ್ತಾದದ್ದು ಮುಂದಿನ ಶನಿವಾರಗಳಲ್ಲಿ, ಕಾಲುವೆಯ ದಂಡೆಯಲ್ಲಿ ನಡೆಯುತ್ತ. ಅವಳು ಯಾಕೆ ಹೋಗುತ್ತಿದ್ದಳು ಎಂದು ಕೇಳಬೇಡಿ. ಕೇಳಿದ್ದರೆ ಹಾಲು ತರಲು ಎನ್ನುತ್ತಿದ್ದಳು. ಮನೆಯಲ್ಲಿ ಹಾಲು ಸಾಕಷ್ಟಿತ್ತು.

“ಕುದುರೆ ಗಾಡಿ, ಲಾಟೀನು... ಅವರಿಗೆ ಕರೆಂಟು, ಫೋನು ಎಲ್ಲ ಪಾಪ ಅಲ್ವಾ?”

“ಪಾಪ ಅಲ್ರೀ. ಹೊಸಾದು ಏನರ ಬಂದ್ರ ಅವರು ಕೇಳೂದು ಒಂದ ಮಾತು. ಇದು ಮನೀಗೆ ಬಂದ್ರ ನಾವು ನಾವು ಹತ್ರ ಆಗ್ತೇವೋ, ದೂರ ಆಗ್ತೇವೋ? ಫೋನ್ ರಿಂಗಾದ್ರ ಉಣ್ಣೋರು ತಾಟು ಬಿಟ್ಟು ಏಳ್ತಾರ. ಅದಕ್ಕ ಹೊಲದ ತುದಿಯಾಗ ಸಣ್ಣ ಗುಡಿಸಲಾ ಹಾಕಿ ಅದರೊಳಗ ಇಟ್ಟಾರ. ಬೇಕಾದವರು ನಡಕೊಂತ ಹೋಗ್ತಾರ.”

“ನೀವೂ ಆಮಿಶ್ ಆಗ್ಬಿಟ್ರಾ?”

ಅವನು ನಕ್ಕ. “ಅಲ್ಲೆ ಹುಟ್ಟಿದವರೂ ದೊಡ್ಡವರಾದ ಮ್ಯಾಲೆ ತಾವ ಒಪ್ಪಿ ಮಾತು ಕೊಡಬೇಕು. ಕೊಟ್ರ ಮುರಿಯಂಗಿಲ್ಲ. ನಾ ಎಲ್ಲಿ ಕೊಟ್ಟೇನಿ? ಇದೊಂದು ಪದ್ಧತಿ ಅಷ್ಟ ತಂದೇನಿ.”

ಹುಚ್ಚು ಎಂದುಕೊಂಡಳು. ಆದರೆ ಅವನ ಎದುರು ಕೂತರೆ ಅವಳ ಮಾತು ಎಲ್ಲೂ ತುಂಡಾಗುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಳ್ಳುವ ಗಂಡಸನ್ನು ಅವಳು ಅದೇ ಮೊದಲು ಕಂಡಿದ್ದು. ಜುಲೈ ಹೊತ್ತಿಗೆ ಹಾಲಿನ ನೆಪವೂ ಬೇಕಾಗಲಿಲ್ಲ. ಅವಳಿಗೆ ಅವನು ಬೇಕಾಗಿದ್ದ, ಅಷ್ಟೆ.

ಹಾಗಿರುವಾಗ ಒಂದು ಸಂಜೆ ಉಷಾ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದಳು.

ಆಂಬುಲೆನ್ಸ್ ಬಂತು. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಆಪರೇಷನ್ ಎಂದರು, ಇನ್ನಾರೋ ಸಹಿ ಹಾಕಿ ಎಂದರು. ಲಂಡನ್ನಿನಲ್ಲಿ ಕಲ್ಯಾಣಿಗೆ ಇದ್ದದ್ದು ಆ ಒಬ್ಬ ಚಿಕ್ಕಮ್ಮ. ಸಂಗಮೇಶನ ಆಸ್ಪತ್ರೆಗೆ ಫೋನ್ ಮಾಡಿದರೆ ಅವನು ಮನೆಗೆ ಹೋಗಿಯಾಗಿತ್ತು. ಉಳಿದದ್ದು ಅವನು ಬರೆದುಕೊಟ್ಟಿದ್ದ ಬೂತಿನ ನಂಬರ್ ಮಾತ್ರ.

ಅದು ರಿಂಗಾಯಿತು... ರಿಂಗಾಗುತ್ತಲೇ ಇತ್ತು... ಕೊನೆಗೆ ದಾರಿಹೋಕನೊಬ್ಬ ಎತ್ತಿ, “ರಾಂಗ್ ನಂಬರ್, ಲವ್” ಎಂದು ಇಟ್ಟುಬಿಟ್ಟ.

ಚಿಕ್ಕಮ್ಮ ಉಳಿದಳು. ಪಿತ್ತಕೋಶದ ಕಲ್ಲು, ತೆಗೆದರು. ಸುದ್ದಿ ಗೊತ್ತಾಗಿ ಸಂಗಮೇಶ ಕಿತ್ತಳೆ ಹಣ್ಣು ಹಿಡಿದುಕೊಂಡು ಓಡಿ ಬಂದಾಗ ಆಕೆ ಮನೆಗೇ ಬಂದಾಗಿತ್ತು.

“ಯಾರನ್ನರ ಮನೀಗೆ ಕಳಸಿದ್ರ ನಾ ತಕ್ಷಣ...”

ಜಾಣರಿಗೂ ಒಮ್ಮೊಮ್ಮೆ ಬುದ್ಧಿ ಮಣ್ಣು ತಿನ್ನುತ್ತದೆ.

“ಯಾರನ್ನ ಕಳಿಸ್ಲಿ? ಕುದುರೆ ಗಾಡೀನಾ?” ಎಂದಳು ಕಲ್ಯಾಣಿ. “ಕರೆದ್ರೂ ಕೇಳಿಸದ ಮನುಷ್ಯನನ್ನ ನಂಬಿಕೊಂಡು ನಾನು ಬದುಕೋಕಾಗಲ್ಲ. ಹೋಗಿ... ಇನ್ನು ಬರ್ಬೇಡಿ.”

ಅವನು ಹೋದ. ಹೇಳಿದ ಮಾತು ಕೇಳುವವನು, ಮತ್ತೆ ಬರಲೂ ಇಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಬೇಸಿಗೆ ಮುಗಿಯುವ ಹೊತ್ತಿನ ಒಂದು ಶನಿವಾರ. ಚಿಕ್ಕಮ್ಮನ ಔಷಧಿ ತರುತ್ತಿದ್ದ ಕಲ್ಯಾಣಿ ಬೂತಿನ ಮುಂದೆ ಬಂದಾಗ ಒಳಗೆ ಫೋನ್ ರಿಂಗಾಗುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ನನಗೇನು... ಎಂದುಕೊಂಡು ನಾಲ್ಕು ಹೆಜ್ಜೆ ಮುಂದೆ ಹೋದಳು. ಮರಳಿ ಬಂದು ಎತ್ತಿದಳು.

“ಡಾಕ್ಟರ್ ಇದ್ದಾರಾ? ನಾನು ಮಿರಿಯಮ್, ಪೆನ್ಸಿಲ್ವೇನಿಯಾದಿಂದ.” ನಡುವಯಸ್ಸಿನ ಹೆಂಗಸಿನ ನಿಧಾನದ ಇಂಗ್ಲಿಷು.

“ಇಲ್ಲ.” ಇಷ್ಟು ದಿನದ ಸಿಟ್ಟಿಗೆ ಕೊನೆಗೂ ಒಂದು ಕಿವಿ ಸಿಕ್ಕಿತ್ತು. “ನಿಮ್ಮನ್ನು ನೋಡಿಯೇ ಅವರು ಮನೆಯಲ್ಲಿ ಫೋನ್ ಇಟ್ಟಿಲ್ಲ. ನನಗೆ ಅವರು ಬೇಕಾದಾಗ ಸಿಗಲಿಲ್ಲ. ಗೊತ್ತಾ ನಿಮಗೆ?”

ಆ ಕಡೆ ಗಾಳಿಯ ಸದ್ದು. ಎಲ್ಲೋ ಕುದುರೆ ಕೆನೆಯಿತು.

“ಯಾರ ಜೊತೆ ಕೂತು ಹಾಗೆ ತೀರ್ಮಾನ ಮಾಡಿದರು?”

“ಯಾರ ಜೊತೆಗೂ ಇಲ್ಲ. ಅವರೇ.”

“ಹಾಗಾದರೆ ಅದು ನಮ್ಮ ಪದ್ಧತಿ ಅಲ್ಲ, ಮಗೂ. ನಮ್ಮಲ್ಲಿ ಎಲ್ಲ ಮನೆಯವರೂ ಕೂತು ಒಪ್ಪಿದ ಮೇಲೆ ಫೋನು ಹೊಲಕ್ಕೆ ಬಂತು. ನನ್ನ ಮಗಳು ಕಾಯಿಲೆ ಬಿದ್ದಾಗ ಮತ್ತೆ ಕೂತರು. ಮಗು ಹಾಸಿಗೆಯಲ್ಲಿ ಇರುವಷ್ಟು ದಿನ ಮನೆಯೊಳಗೇ ಇರಲಿ ಎಂದರು. ಅವಳ ಮಂಚದ ಪಕ್ಕದಲ್ಲೇ ಇಟ್ಟೆವು. ಈ ಡಾಕ್ಟರಿಗೇ ಎಷ್ಟು ಸಲ ಮಾಡಿದೆನೋ! ಅವಳು ಹೋದಮೇಲೆ ನಾನೇ ಎತ್ತಿಕೊಂಡು ಬಂದು ಇಲ್ಲಿಟ್ಟೆ.”

ಕಲ್ಯಾಣಿಯ ಕಣ್ಣಲ್ಲಿ ನೀರು ತುಂಬಿತು. ಸಿಟ್ಟು ಎಲ್ಲಿ ಹೋಯಿತೋ.

“ನೀವು ಡಾಕ್ಟರಿಗೆ ಏನಾಗಬೇಕು?”

ಡಾಕ್ಟರು ಬಂದರೆ ಹೇಳುತ್ತೇನೆ ಎಂದಷ್ಟೇ ಕಲ್ಯಾಣಿ ಹೇಳಿದಳು. ಮಿರಿಯಮ್ ಆಮೇಲೆ ಮಾಡುತ್ತೇನೆಂದು ಇಟ್ಟಳು.

ಆಸ್ಪತ್ರೆಯಿಂದ ತಡವಾಗಿ ಓಡುತ್ತ ಬಂದ ಸಂಗಮೇಶ ಬೂತಿನಲ್ಲಿ ಅವಳನ್ನು ಕಂಡು ನಿಂತುಬಿಟ್ಟ.

“ಆ ಮಗು ಇರೋವರೆಗೂ ಫೋನ್ ಮಂಚದ ಪಕ್ಕ ಇತ್ತಂತೆ. ನಿಮಗೆ ಗೊತ್ತಿತ್ತಾ?”

“ಗೊತ್ತೈತಿ...” ಅವನ ದನಿ ಇಳಿಯಿತು. “ಆಕಿ ಹೋದ ದಿನ ಊರಿಗೆ ಊರ ಬಂದು ಆ ಮನ್ಯಾಗ ಸುಮ್ಮನ ಕುಂತಿತ್ತು. ಅಂಥಾ ಶಾಂತಿ ನನಗೂ ಬೇಕನಿಸ್ತು. ಫೋನ್ ಇಲ್ಲಂದ್ರ ಅದು ಬರತೈತಿ ಅಂತ ತಿಳಕೊಂಡೆ. ಮಂದೀನ ಅಲ್ಲೇ ಬಿಟ್ಟು ಬಂದೇನಿ ಅನ್ನೂದು ಹೊಳೀಲೇ ಇಲ್ಲ.”

“ಅವತ್ತು ನಾನು ಒಬ್ಬಳೇ ಇದ್ದೆ, ಸಂಗಮೇಶ್. ತುಂಬಾ ಹೆದರಿದ್ದೆ.”

“ನಂದ ತಪ್ಪು.” ಅವನ ಕಣ್ಣೂ ಒದ್ದೆಯಾಗಿತ್ತು. “ನಾಳೆನ ಮನೀಗೆ ಫೋನ್ ಹಾಕಸ್ತೇನಿ.”

“ನೋಡಿ! ಮತ್ತೆ ನೀವೊಬ್ಬರೇ ತೀರ್ಮಾನ ಮಾಡ್ತಿದ್ದೀರಿ!”

ಅವನು ಬೆಪ್ಪಾದ. ಆಮೇಲೆ ನಗು ತಡೆಯಲಾಗಲಿಲ್ಲ. “ಹಂಗಾರ ನೀವ ಹೇಳ್ರಿ. ಎಲ್ಲೆ ಇಡೂಣು?”

“ಬಾಗಿಲ ಹತ್ರ. ಊಟ ಮಾಡೋ ಕಡೆ ಬೇಡ. ಊಟದ ಹೊತ್ತಲ್ಲಿ ನನ್ನ ಮೊಬೈಲೂ ಅಲ್ಲೇ ಇರ್ಲಿ.”

ಬಾಯಿ ಜಾರಿತ್ತು. ಕಲ್ಯಾಣಿ ತುಟಿ ಕಚ್ಚಿಕೊಂಡಳು.

“ನಿಮ್ಮ ಮೊಬೈಲ್ ದಿನಾ ನನ್ನ ಬಾಗಿಲದಾಗ ಇರಬೇಕಂದ್ರ...” ಅವನು ಮೆಲ್ಲಗೆ ಹೇಳಿದ, “ನೀವು ಆ ಮನ್ಯಾಗ ಇರಬೇಕಾಗತೈತಲ್ರೀ?”

ಫೋನ್ ಮತ್ತೆ ರಿಂಗಾಯಿತು.

“ನೀ ಎತ್ತು, ಕಲ್ಯಾಣಿ.” ಮೊದಲ ಸಲ ಅವನು ‘ನೀ’ ಎಂದಿದ್ದ.

“ನಾನು ನಿಮಗೆ ಏನಾಗಬೇಕು ಅಂತ ಕೇಳ್ತಾರೆ. ಏನು ಹೇಳ್ಲಿ? ಕೂತು ತೀರ್ಮಾನ ಮಾಡೋಣ್ವಾ?”

“ಇದಕ್ಕೂ ಕೂಡಬೇಕೇನು? ನೀ ಮೊದಲ ದಿನ ಗಾಜು ಬಡದಾಗ ನಾ ಒಪ್ಪಿಬಿಟ್ಟೇನಿ. ಇನ್ನ ನೀ ಒಪ್ಪೂದು ಅಷ್ಟ ಉಳದೈತಿ.”

ಕಲ್ಯಾಣಿ ಕಣ್ಣೊರೆಸಿಕೊಂಡು ರಿಸೀವರ್ ಎತ್ತಿದಳು.

“ಹಲೋ ಮಿರಿಯಮ್... ನೀವು ಕೇಳಿದ್ದಿರಲ್ಲ? ನಾವಿಬ್ಬರೂ ಈಗ ತಾನೇ ಒಪ್ಪಿದೆವು.”