ಕತ್ತರಿಸಿದ ಹದಿನೇಳು ನಿಮಿಷ

2007ರ ಫೆಬ್ರವರಿ 12, ಸೋಮವಾರ, ಬೆಳಿಗ್ಗೆ 10.40. ಹಾರವಾಡದ ಮಂಗಲಾ ಕಾರವಾರದ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಗುರುಪ್ರಸಾದರ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಮೂರು ದಿನದ ಹಿಂದೆ ಅವರೇ ಸಹಿ ಹಾಕಿದ್ದ ಪಂಚನಾಮೆಯ ಪ್ರತಿ. ಅವಳ ಗಂಡ ಜಟ್ಟು ಮೀನುಗಾರ, ಒಳ್ಳೆಯ ಹಾಡುಗಾರ. ಒಂಬತ್ತನೇ ತಾರೀಕು ಬೆಳಿಗ್ಗೆ ಕೋಡಿಬಾಗದಲ್ಲಿ ಕಾಳಿ ನದಿಯ ದಂಡೆಗೆ ಹೆಣವಾಗಿ ಬಂದಿದ್ದ. ಜೇಬಿನಲ್ಲಿ ಗೋವಾ ಫೆನ್ನಿಯ ಬಾಟಲಿ, ತಲೆಗೆ ಪೆಟ್ಟು, ಶ್ವಾಸಕೋಶದಲ್ಲಿ ನೀರು. ‘ಕುಡಿದ ಅಮಲಿನಲ್ಲಿ ಕಾಲು ಜಾರಿ ಬಿದ್ದು ಮೃತ’ ಎಂದು ಬರೆಯಲು ಗುರುಪ್ರಸಾದರಿಗೆ ಹತ್ತು ನಿಮಿಷವೂ ಹಿಡಿದಿರಲಿಲ್ಲ.

“ಈ ‘ಕುಡಿದ’ ಅನ್ನೂದು ತೆಗೀರಿ ಸಾಯ್ಬ್ರೇ.”

“ಬಾಟಲಿ ಸಿಕ್ಕಿದೆಯಲ್ಲ ಬಾಯೀ?”

“ಅಂವ ಕುಡೀತಿದ್ದ, ಇಲ್ಲ ಅನ್ನೂದಿಲ್ಲ. ಆದ್ರೆ ದರ್ಯಾದ ಹಾಡು, ಸಮುದ್ರದ ಹಾಡು ಹೇಳೂ ದಿವ್ಸ ಬಾಯಿಗೆ ಚಾ ಸುದ್ದಾ ಹಾಕ್ತಿರ್ಲಿಲ್ಲ. ಅವ್ನ ಅಜ್ಜಿ ಕಾಮಿ ಹಾಕ್ಕೊಟ್ಟ ನೇಮ ಅದು. ಆ ದಿವ್ಸ ದೇವಿದಾಸನ ಸ್ಟುಡಿಯೋಕ್ಕೆ ಹಾಡೂಕೇ ಹೋಗಿದ್ದ. ನಾಳೆ ನನ್ನ ಮಗ್ಳಿಗೆ ಕುಡ್ದು ಸತ್ತವ್ನ ಮಗ್ಳು ಅಂತಾರೆ. ಅದೊಂದು ಆಗೂಕಾಗ ಸಾಯ್ಬ್ರೇ!”

ಅವಳು ಅಳಲಿಲ್ಲ. ಅತ್ತಿದ್ದರೇ ವಾಸಿಯಿತ್ತು ಎನಿಸಿತು ಗುರುಪ್ರಸಾದರಿಗೆ. ದೂರು ಬರೆಸಿಕೊಂಡು ಹೆಡ್ ಕಾನ್‌ಸ್ಟೇಬಲ್ ಬೀರಾನನ್ನು ಕರೆದುಕೊಂಡು ಜೀಪು ಹತ್ತಿದರು.

11.30. ಕೋಡಿಬಾಗದ ಸ್ಟುಡಿಯೋ. ದೇವಿದಾಸ ಐವತ್ತು ದಾಟಿದವನು, ಇಪ್ಪತ್ತೆರಡು ವರ್ಷದಿಂದ ಊರವರ ಭಜನೆ, ನಾಟಕ, ಹಾಡು ಎಲ್ಲ ರೆಕಾರ್ಡ್ ಮಾಡುತ್ತ ಬಂದವನು. ಒಳಗೆ ಬೆವರು ಬಿಡುವಷ್ಟು ಸೆಕೆ, ಒಂದು ಚೂರೂ ಸದ್ದಿಲ್ಲ.

“ಎಂಟನೇ ತಾರೀಕು ಜಟ್ಟು ಇಲ್ಲಿಂದ ಎಷ್ಟು ಹೊತ್ತಿಗೆ ಹೋದ?”

“ಮೂರಕ್ಕೇ ಹೋದ ಸರ್. ಕುಡ್ದು ಬಂದಿದ್ದ, ಹಾಡೂಕೇ ಆಗ್ಲಿಲ್ಲ.”

“ಹಿಂದೆ ಹಾಡಿದ್ದು?”

“ಮಿಕ್ಸಿಂಗಿಗೆ ಅಂಕೋಲೆಯ ರೋಷನನಿಗೆ ಕಳ್ಸಿದ್ದೇನೆ. ನನ್ನ ಹಾರ್ಡ್ ಡಿಸ್ಕ್ ಹಾಳಾಯ್ತು. ನಿನ್ನೆ ಬದಲಿಸ್ದೆ.”

ಮೇಜಿನ ಮೇಲೆ ಕ್ಯಾಸೆಟ್ಟಿನ ಮುಖಪುಟದ ಕರಡು ಬಿದ್ದಿತ್ತು. ‘ಸಾಹಿತ್ಯ, ಸಂಗೀತ: ದೇವಿದಾಸ’ ಎಂದು ದಪ್ಪಕ್ಷರದಲ್ಲಿತ್ತು. ಜಟ್ಟುವಿನ ಹೆಸರು ಹುಡುಕಿದರೆ ಸಿಗುವಷ್ಟು ಸಣ್ಣದಾಗಿ ಕೆಳಗೆಲ್ಲೋ ಇತ್ತು.

ಹೊರಗೆ ಬಂದ ಮೇಲೆ ಬೀರಾ ದನಿ ತಗ್ಗಿಸಿದ. “ಕಾರ್ಪೆಟ್ ಹೊಸ್ದು ಸರ್, ಅಂಟಿನ ವಾಸ್ನೆ ಇನ್ನೂ ಹೋಗ್ಲಿಲ್ಲ. ಹಿಂದಿನ ಬಾಗ್ಲು ತೆಗೆದ್ರೆ ಸೀದಾ ಹೊಳೆ.”

“ನೀನು ಇಲ್ಲೇ ಇರು. ಅವನು ಎಲ್ಲಿಗೂ ಹೋಗಬಾರದು.”

1.15. ಅಂಕೋಲೆಯ ಬಾಳೆಗುಳಿ, ರೋಷನನ ಸ್ಟುಡಿಯೋ. ರೋಷನ ಕೈ ತೊಳೆಯುತ್ತಿದ್ದ. ಪೊಲೀಸರನ್ನು ಕಂಡು ಗಾಬರಿಯಾದ. “ದೇವಿದಾಸ ಮಾಮ ಈಗಷ್ಟೇ ಫೋನ್ ಮಾಡಿದ್ರು ಸರ್. ಕಳ್ಸಿದ್ದು ತಪ್ಪಾಗಿದೆ, ಪೂರಾ ಅಳಿಸ್ಬಿಡು, ಹೊಸ್ದು ಕಳಿಸ್ತೇನೆ ಅಂದ್ರು.”

“ಅಳಿಸಿದೆಯಾ?”

“ಇಲ್ಲ, ಊಟಕ್ಕೆ ಕೂತಿದ್ದೆ.”

ಅಬ್ಬಾ! ಗುರುಪ್ರಸಾದರಿಗೆ ಹೋದ ಜೀವ ಬಂದಂತಾಯಿತು. “ತೆರೆ. ಏನು ಕಳಿಸಿದ್ದಾನೆ, ಹೇಗೆ ಕಳಿಸಿದ್ದಾನೆ, ನನಗೆ ತಿಳಿಯುವ ಹಾಗೆ ಹೇಳು.”

“ಅವ್ರ ಪ್ರೋಗ್ರಾಮ್ ಬೇರೆ, ನಮ್ದು ಬೇರೆ. ಅವ್ರ ಪ್ರಾಜೆಕ್ಟ್ ನಮ್ಮಲ್ಲಿ ಸೀದಾ ತೆರೆಯೂದಿಲ್ಲ. ಅದಕ್ಕೆ ಎಲ್ಲಾ ಟ್ರ್ಯಾಕು, ಎಲ್ಲಿ ಶುರು, ಎಲ್ಲಿ ಕತ್ತರಿಸಿದ್ದು, ಎಲ್ಲಾ ಒಂದೇ ಫೈಲಿನಲ್ಲಿ ಕಟ್ಟಿ ಕಳಿಸ್ತಾರೆ.”

“ಕತ್ತರಿಸಿದ ತುಂಡು?”

“ಅದೂ ಬರ್ತದೆ ಸರ್. ಬೇಕಾದ್ದಷ್ಟೇ ಕಳಿಸು ಅಂತ ಆರಿಸ್ಬೇಕು, ಮಾಮ ಯಾವಾಗ್ಲೂ ಆರಿಸೂದಿಲ್ಲ. ಟೇಪಿನ ಕಾಲದವ್ರು. ಆಗ ಬ್ಲೇಡಿನಲ್ಲಿ ಕತ್ತರಿಸಿದ್ರೆ ತುಂಡು ಕಸದಬುಟ್ಟಿಗೆ. ಕಂಪ್ಯೂಟರಿನಲ್ಲಿ ಕತ್ತರಿಸಿದ್ದು ಬರೇ ಕಣ್ಣಿಗೆ ಮರೆಯಾಗ್ತದೆ.”

ಕೊನೆಯ ಹಾಡಿನ ವಿವರ ತೆರೆಯಿತು. ರೆಕಾರ್ಡ್ ಶುರುವಾದದ್ದು ಫೆಬ್ರವರಿ 8, ಸಂಜೆ 4.52. ಮೂರಕ್ಕೇ ಹೋದನಂತೆ, ಮೂರಕ್ಕೆ! ಹಾಡು ನಾಲ್ಕು ನಿಮಿಷದ್ದು. ರೋಷನ ಅದರ ತುದಿ ಹಿಡಿದು ಮೌಸಿನಿಂದ ಎಳೆದ. ಅದು ಬೆಳೆಯುತ್ತಲೇ ಹೋಯಿತು, ಇನ್ನೂ ಹದಿನೇಳು ನಿಮಿಷ.

ಮೊದಲು ಜಟ್ಟುವಿನ ದನಿ: “ಹಾಡು ನಂದೂ ಅಲ್ಲ, ನಿಂದೂ ಅಲ್ಲ. ಹೆಸ್ರು ಹಾಕೂದಾದ್ರೆ ಅಜ್ಜಿ ಕಾಮೀದು ಹಾಕು. ಇಲ್ದಿದ್ರೆ ಕ್ಯಾಸೆಟ್ಟೇ ಬೇಡ.” ಮಾತಿಗೆ ಮಾತು ಬೆಳೆಯಿತು. ಏನೋ ಬಿತ್ತು. ಕಬ್ಬಿಣದಿಂದ ಹೊಡೆದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ರೋಷನ ನಿಲ್ಲಿಸಲು ಕೈ ಚಾಚಿದ, ಗುರುಪ್ರಸಾದರು ಬೇಡವೆಂದು ತಡೆದರು.

ಒಂಬತ್ತನೇ ನಿಮಿಷಕ್ಕೆ ಯಾರೋ ಮೈಕಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. ದೇವಿದಾಸನ ದನಿ. ಅದೇ ಹಾಡಿನ ಮೊದಲ ಸಾಲು. ಏರುದನಿಗೆ ಬರುತ್ತಲೇ ತಪ್ಪಿತು. ಮತ್ತೆ ಶುರು ಮಾಡಿದ, ಮತ್ತೆ ತಪ್ಪಿತು. ಅವನು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ, ಕೆಳಗೆ ನೆಲದಿಂದ, ಇನ್ನೊಬ್ಬರ ನರಳಾಟ ಸಣ್ಣಗೆ ಕೇಳಿಸಿತು.

“ಅಯ್ಯೋ ದೇವರೇ, ಜೀವ ಇತ್ತು ಸರ್!” ಎಂದು ರೋಷನ ಎದ್ದೇ ನಿಂತ. ಹೊಳೆಯ ನೀರು ಶ್ವಾಸಕೋಶಕ್ಕೆ ಹೇಗೆ ಹೋಯಿತೆಂದು, ಜೇಬಿನಲ್ಲಿ ಬಾಟಲಿ ಇಟ್ಟವರು ಯಾರೆಂದು ಗುರುಪ್ರಸಾದರಿಗೆ ಈಗ ತಿಳಿಯಿತು. ತಮ್ಮ ಸಹಿ ನೆನಪಾಗಿ ನಾಚಿಕೆಯಾಯಿತು.

2.50ಕ್ಕೆ ಪಂಚರ ಸಮಕ್ಷಮ ಕಂಪ್ಯೂಟರ್ ಜಪ್ತಿಯಾಯಿತು. 4.30ಕ್ಕೆ ಭಾರತೀಯ ದಂಡಸಂಹಿತೆಯ ಕಲಂ 302, 201ರ ಅಡಿ ಕೊಲೆ ಮತ್ತು ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಯಿತು. 5.10ಕ್ಕೆ ದೇವಿದಾಸನ ಬಂಧನ. ಅವನು ಓಡಿಹೋಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಏನೂ ಓಡದ ಯಂತ್ರದ ಮುಂದೆ ಸುಮ್ಮನೆ ಕೂತಿದ್ದ.

“ಆ ಟೇಕು ಪೂರಾ ಯಾಕೆ ಅಳಿಸಲಿಲ್ಲ?”

“ಕೈ ಬರ್ಲಿಲ್ಲ ಸರ್. ಅಷ್ಟು ಚಂದ ಯಾರೂ ಹಾಡ್ಲಿಲ್ಲ ಈ ಮೈಕಿನಲ್ಲಿ.” ಮೇಜಿನ ಮೇಲಿದ್ದ ಮುಖಪುಟದ ಕರಡು ಮುಟ್ಟಿ ಹೇಳಿದ: “ಇಪ್ಪತ್ತೆರಡು ವರ್ಷ ಎಲ್ಲರ ದನಿ ತಿದ್ದಿ ಕೊಟ್ಟೆ. ನೀನೊಂದು ಹಾಡು ಹೇಳು ಅಂತ ಒಬ್ರೂ ಕೇಳ್ಲಿಲ್ಲ. ಒಂದು ಕ್ಯಾಸೆಟ್ಟಿಗೆ ನನ್ನ ಹೆಸ್ರು ಬೇಕಿತ್ತು, ಅಷ್ಟೇ.”

ಮರುದಿನ ಮಂಗಲಾ ಮಗಳನ್ನು ಕರೆದುಕೊಂಡು ಬಂದಳು. ಗುರುಪ್ರಸಾದರು ‘ಕುಡಿದ ಅಮಲಿನಲ್ಲಿ’ ಎಂಬುದು ತಪ್ಪೆಂದು ನ್ಯಾಯಾಲಯಕ್ಕೆ ಬರೆದ ವರದಿಯನ್ನು ಅವಳಿಗೆ ಓದಿ ಹೇಳಿದರು. ಆಮೇಲೆ ರೋಷನ ಮಾಡಿಕೊಟ್ಟ ಪ್ರತಿಯಿಂದ ಹಾಡು ಕೇಳಿಸಿದರು. ನಾಲ್ಕು ನಿಮಿಷ ತಾಯಿ ಮಗಳು ಅಲುಗಲಿಲ್ಲ.

“ಇಷ್ಟೇಯಾ ಸಾಯ್ಬ್ರೇ?”

“ಇನ್ನೂ ಇದೆ ಬಾಯೀ. ಅದನ್ನು ಕೋರ್ಟಿನಲ್ಲಿ ಕೇಳಲೇಬೇಕಾಗ್ತದೆ. ಇವತ್ತಿಗೆ ಇಷ್ಟು ಸಾಕು.”

ಮಂಗಲಾ ಗುರುಪ್ರಸಾದರ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಗಾದ್ರೆ ಇದನ್ನೇ ಇನ್ನೊಂದ್ಸಲ ಹಾಕಿ,” ಎಂದಳು.