ಹತ್ತೊಂಬತ್ತು ಉಗುರು

ಗೋಡೆಯಗಲದ ಪರದೆಯ ಮೇಲೆ ಒಬ್ಬ ಆಟಗಾರ್ತಿಯ ಎಡಗಾಲು ನಿಂತಿತ್ತು. ಹಿಮ್ಮಡಿಯ ಬಿರುಕು, ಬೆರಳ ಸಂದಿಯ ಕೆಮ್ಮಣ್ಣು, ಸುಣ್ಣದ ಗೆರೆಯ ಒಂದೊಂದು ಹರಳು, ಎಲ್ಲವೂ ಕೈಯಲ್ಲಿ ಹಿಡಿದು ನೋಡಿದಷ್ಟು ಸ್ಪಷ್ಟ. ಕಿರುಬೆರಳು ಗೆರೆ ದಾಟಿ ಆಚೆಯ ಮಣ್ಣು ಮುಟ್ಟಿತ್ತು. ಮೈಸೂರಿನ ಆ ಸಭಾಂಗಣದಲ್ಲಿ ಕೂತಿದ್ದ ಮುನ್ನೂರು ಜನ ಒಂದೇ ಸಲ ‘ಔಟು! ಔಟು!’ ಎಂದು ಅರಚಿದರು.

ಮುಂದಿನ ಸಾಲಿನಲ್ಲಿದ್ದ ವಿಶಾಲಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತೇಳು ವರ್ಷದ ಹಿಂದೆ, 2014ರ ಮಹಿಳಾ ಕಬಡ್ಡಿ ಫೈನಲಿನಲ್ಲಿ, ದೇವೀರಮ್ಮನ ಆ ಕಾಲು ಗೆರೆಯೊಳಗೇ ಇದೆ ಎಂದು ಸೀಟಿ ಊದಿದ ಅಂಪೈರ್ ಆಕೆಯೇ. ಆ ಸೀಟಿಯಿಂದ ಅವಳ ಕಾವೇರಿ ತಂಡ ಗೆದ್ದಿತು, ಚೂಡಾಮಣಿಯ ತುಂಗಾ ತಂಡ ಸೋತಿತು. ಈಗ ಅದೇ ಚೂಡಾಮಣಿ ಕಬಡ್ಡಿ ಮಂಡಳಿಯ ಅಧ್ಯಕ್ಷೆ. ದೂರು ಕೊಟ್ಟವಳೂ ಅವಳೇ, ತೀರ್ಪು ಕೊಡುವವಳೂ ಅವಳೇ, ಭೇಷಾಗಿತ್ತು ನ್ಯಾಯ! ಕಾವೇರಿಯ ಪ್ರಶಸ್ತಿ ಕಿತ್ತುಕೊಂಡು, ವಿಶಾಲಾಕ್ಷಿ ಬೇಕೆಂದೇ ಸುಳ್ಳು ತೀರ್ಪು ಕೊಟ್ಟಳೆಂದು ದಾಖಲೆಯಲ್ಲಿ ಬರೆಯುವುದಕ್ಕೆ ಮಂಡಳಿ ಕೂತಿತ್ತು.

“ಇನ್ನೇನಾದ್ರೂ ಹೇಳೋದಿದೆಯಾ?” ಚೂಡಾಮಣಿ ಕೇಳಿದಳು. ಮುಖದಲ್ಲಿ ಹಬ್ಬದ ಕಳೆ.

“ನಿಮಗೆ ಹೇಳೋದೇನೂ ಇಲ್ಲ. ಈ ಯಂತ್ರ ಮಾಡಿದೋರನ್ನ ಕೇಳೋದಿದೆ,” ಎಂದು ವಿಶಾಲಾಕ್ಷಿ ಎದ್ದು ನಿಂತಳು. ಎಪ್ಪತ್ತೇಳರ ಮಂಡಿ ಕಟಕ್ ಎಂದಿತು.

ಯಂತ್ರದ ಹೆಸರು ‘ಪೂರ್ಣದೃಷ್ಟಿ’, ಮಾಡಿದವನು ಪರದೆಯ ಪಕ್ಕದಲ್ಲೇ ನಿಂತಿದ್ದ ಡಾಕ್ಟರ್ ಪ್ರಣೀತ ಅಂಗಡಿ. ನಾಡಿನಲ್ಲಿ ಅದು ಹೊಗದ ಮನೆಯಿರಲಿಲ್ಲ. ಅಜ್ಜಿಯ ಮದುವೆ, ಅಪ್ಪನ ಶಾಲೆಯ ನಾಟಕ, ಮಸುಕಾಗಿದ್ದ ಎಲ್ಲ ಹಳೆಯ ವಿಡಿಯೋಗಳೂ ನಿನ್ನೆ ತೆಗೆದಂತೆ ಹೊಳೆಯುತ್ತಿದ್ದವು.

“ನಮ್ಮ ಕಾಲದ ಚಿತ್ರ ಇಷ್ಟು ಚೆನ್ನಾಗಿರಲಿಲ್ಲ. ಇದು ಹೇಗೆ ಬಂತು?”

“ಆಗಿನ ಎಚ್‌ಡಿ ಟಿವಿ ಚಿತ್ರದಲ್ಲಿ ಸಾವಿರದ ಎಂಬತ್ತು ಅಡ್ಡಗೆರೆ ಇರ್ತಿದ್ವು, ಮೇಡಂ,” ಪ್ರಣೀತ ಉತ್ಸಾಹದಿಂದ ಶುರುಮಾಡಿದ. “ಎಲ್ಲಾ ಗೆರೆ ಒಟ್ಟಿಗೆ ಹಿಡಿಯೋದಕ್ಕೆ ಪ್ರೋಗ್ರೆಸಿವ್ ಅಂತಿದ್ರು. ನಿಮ್ಮ ಪಂದ್ಯ ಹಿಡಿದದ್ದು ಇಂಟರ್‌ಲೇಸ್ ಕ್ಯಾಮೆರಾ. ಅದು ಮೊದಲು ಒಂದು, ಮೂರು, ಐದು ಹೀಗೆ ಗೆರೆ ಬಿಟ್ಟು ಗೆರೆ ಹಿಡೀತಿತ್ತು. ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಮಿಕ್ಕಿದ್ದು.”

“ಅಷ್ಟು ಹೊತ್ತು ಓಡೋಳ ಕಾಲು ಕಾಯ್ತಾ ನಿಂತಿರುತ್ತಾ?”

“ಇಲ್ಲ. ಅದಕ್ಕೇ ಓಡೋರ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣ್ತಿತ್ತು. ಆಯಾ ಕ್ಷಣದಲ್ಲಿ ಬಿಟ್ಟುಹೋದ ಗೆರೆಗಳನ್ನ ನಮ್ಮ ಯಂತ್ರ ತುಂಬುತ್ತೆ.”

“ಎಲ್ಲಿಂದ ತಂದು ತುಂಬುತ್ತೆ?”

“ಅದು ಕೋಟಿಗಟ್ಟಲೆ ಕಾಲು ನೋಡಿ ಕಲಿತಿದೆ, ಮೇಡಂ.”

ವಿಶಾಲಾಕ್ಷಿ ಮತ್ತೆ ಪರದೆ ನೋಡಿದಳು. ಆಗಿನಿಂದ ಏನೋ ಕಣ್ಣಿಗೆ ಚುಚ್ಚುತ್ತಿತ್ತು. ಪಂದ್ಯಕ್ಕೆ ಮುಂಚೆ ಆಟಗಾರ್ತಿಯರ ಉಗುರು ನೋಡುವುದು ಕಬಡ್ಡಿಯ ಪದ್ಧತಿ, ಬೆಳೆದ ಉಗುರು ಇನ್ನೊಬ್ಬರ ಮೈ ಪರಚುತ್ತದೆ. ಉಳಿದ ಅಂಪೈರುಗಳು ಕೈ ನೋಡಿ ಬಿಟ್ಟುಬಿಡುತ್ತಿದ್ದರು. ಈಕೆ ಬರಿಗಾಲನ್ನೂ ನೋಡಿ, ಒಬ್ಬೊಬ್ಬರಿಗೂ ‘ಇಪ್ಪತ್ತು, ಸರಿ’ ಎಂದು ಒಳಗೆ ಬಿಡುತ್ತಿದ್ದಳು. ಆ ದಿನ ಒಬ್ಬಳಿಗೆ ಮಾತ್ರ ‘ಹತ್ತೊಂಬತ್ತು, ಸರಿ’ ಎಂದಿದ್ದಳು, ಆ ಹುಡುಗಿ ಕಿಸಕ್ಕನೆ ನಕ್ಕಿದ್ದಳು.

“ದೇವೀರಮ್ಮಾ! ಬಾರೇ ಇಲ್ಲಿ. ಎಡಗಾಲಿನ ಚಪ್ಪಲಿ ಬಿಡು.”

ಹಿಂದಿನ ಸಾಲಿನಿಂದ ದೇವೀರಮ್ಮ ತಡವರಿಸುತ್ತ ಬಂದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಪರದೆಯ ಮೇಲಿನದು ಒಂದೂ ಕಂಡಿರಲಿಲ್ಲ. “ಏನಾಯ್ತಕ್ಕಾ? ನನ್ ಕಾಲ್ನ ಯಾಕೆ ನೋಡೀರಿ? ಎಂಟು ವರ್ಸದೋಳಿದ್ದಾಗ ಕಬ್ಬು ಕಡಿಯಾಕೋಗಿ ಮಚ್ಚು ಬಿದ್ದು ಕಿರುಬೆಟ್ಟು ಹೊಂಟೋಯ್ತು. ನಮ್ಮೂರ್ಗೆಲ್ಲ ಗೊತ್ತು,” ಎಂದು ಕಾಲು ಮುಂದಿಟ್ಟಳು.

ನಾಲ್ಕೇ ಬೆರಳು. ಪರದೆಯ ಮೇಲಿನ ಕಾಲಿಗೆ ಐದು. ಗೆರೆ ದಾಟಿದ್ದು ಆ ಐದನೆಯದು.

ಚೂಡಾಮಣಿಯ ಮುಖ ಕಪ್ಪಿಟ್ಟಿತು. ಪ್ರಣೀತ ಮಾತ್ರ, ಪುಣ್ಯಾತ್ಮ, ಬೆವರೊರೆಸಿಕೊಂಡು ನಕ್ಕ. “ಯಂತ್ರ ನೋಡಿದ ಕಾಲಿಗೆಲ್ಲ ಐದು ಬೆರಳು ಇದ್ವಲ್ಲ. ಒಂದು ಬಿಟ್ಟುಹೋಗಿದೆ ಅಂದ್ಕೊಂಡಿದೆ. ಇದೇನು ದೊಡ್ಡ ವಿಷಯ, ನಾಲ್ಕು ಅಂತ ಹೇಳಿದ್ರೆ ಆಯ್ತು.”

ಏನೋ ಒತ್ತಿದ. ಕಾಲು ಒಮ್ಮೆ ಕದಡಿ ಮತ್ತೆ ಮೂಡಿತು. ಈಗ ನಾಲ್ಕು ಬೆರಳು, ಹಳೆಯ ಗಾಯದ ಗಂಟು ಕೂಡ ಇತ್ತು. ಇಡೀ ಪಾದ ಗೆರೆಯಿಂದ ಗೇಣು ಒಳಗೆ. ಸುಣ್ಣದ ಹರಳು ಮೊದಲಿನಷ್ಟೇ ಸ್ಪಷ್ಟ. ಔಟೆಂದು ಅರಚಿದ್ದ ಅದೇ ಮುನ್ನೂರು ಜನ ಈಗ ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟವರು!

“ಗೆದ್ರಿ ಮೇಡಂ,” ಎಂದ ಪ್ರಣೀತ.

“ಯಾರಪ್ಪಾ ಗೆದ್ದಿದ್ದು?” ವಿಶಾಲಾಕ್ಷಿ ಗುಡುಗಿದಳು. “ಅವಳ ಕಾಲಿದ್ದದ್ದು ಗೆರೆಗೆ ಎರಡು ಬೆರಳಗಲ ಒಳಗೆ. ಗೇಣು ಅಂತ ನಾನು ಯಾವತ್ತೂ ಹೇಳಿಲ್ಲ. ಆಗಲೂ ಸುಳ್ಳು, ಈಗಲೂ ಸುಳ್ಳು. ನನಗೆ ಇದು ಬೇಡ. ಹಳೇ ಚಿತ್ರ ಹಾಕು, ಆ ಬಾಚಣಿಗೆ ಹಲ್ಲಿನದು.”

ಪ್ರಣೀತ ಮೊದಲ ಸಲ ತಲೆ ತಗ್ಗಿಸಿದ. “ಅದು ಇಲ್ಲ. ತುಂಬಿದ ಮೇಲೆ ಮೂಲ ಯಾಕೆ ಅಂತ ಅಳಿಸಿಬಿಟ್ವಿ. ನಾಡಿನ ಎಲ್ಲಾ ಹಳೇ ಚಿತ್ರಗಳದ್ದೂ ಅಷ್ಟೇ. ಬೇಕಿದ್ರೆ... ಹಲ್ಲು ಹಲ್ಲಾಗಿ ಕಾಣೋ ಹಾಗೆ ಯಂತ್ರದ ಕೈಲೇ ಮಾಡಿಸಬಹುದು.”

ಚೂಡಾಮಣಿ ವೇದಿಕೆ ಇಳಿದು ಬಂದಳು. ಅಧ್ಯಕ್ಷೆಯ ಗತ್ತು ಎಲ್ಲಿ ಹೋಯಿತೋ, ದನಿ ಇಪ್ಪತ್ತರ ಹುಡುಗಿಯದಾಗಿತ್ತು. “ಅಕ್ಕಾ, ಹಾಗಾದ್ರೆ ಅವತ್ತು ನಾನು ನಿಜವಾಗ್ಲೂ ಸೋತಿದ್ನಾ?”

“ಸೋತಿದ್ದೆ. ನನ್ನ ಕಣ್ಣಾರೆ ನೋಡಿದೀನಿ.”

“ನಿಮ್ಮ ಮಾತು ಹೇಗೆ ನಂಬಲಿ?”

“ನಂಬಬೇಡ. ಅದಕ್ಕೇ ಆ ಚಿತ್ರ ಇರಬೇಕಿತ್ತು. ಅದರಲ್ಲಿ ಏನು ಕಾಣಲ್ಲ ಅನ್ನೋದಾದ್ರೂ ಕಾಣ್ತಿತ್ತು.” ವಿಶಾಲಾಕ್ಷಿ ಬಗ್ಗಿ ದೇವೀರಮ್ಮನ ಚಪ್ಪಲಿಯನ್ನು ಅವಳ ಕಾಲಿನ ಹತ್ತಿರ ಸರಿಸಿದಳು. ಇಬ್ಬರೂ ಕೈ ಹಿಡಿದುಕೊಂಡು ಹೊರನಡೆದರು.

2014ರ ಆ ಸಂಜೆ ಸಾವಿರಾರು ಮನೆಗಳಲ್ಲಿ ಜನ ಟಿವಿಯ ಮುಂದೆ ಕೂತು, ಓಡುವವರ ಅಂಚು ಹಲ್ಲುಹಲ್ಲಾಗಿದೆ, ಇದೂ ಒಂದು ಚಿತ್ರವೇ ಎಂದು ಬೈದಿದ್ದರು. ಬಿಟ್ಟುಹೋದದ್ದನ್ನು ಯಾರಾದರೂ ತುಂಬಿಕೊಟ್ಟರೆ ಸಾಕು ಎಂದು ಹಂಬಲಿಸಿದವರೂ ಅವರೇ. ಏನು ತುಂಬುತ್ತೀರಿ ಎಂದು ಕೇಳುವುದಕ್ಕೆ ಆಗಿನ್ನೂ ಅವರಿಗೆ ಸಮಯವಿತ್ತು.