ಬೂದಿ ಬೊಂಬೆಯಲ್ಲ

“ಮಾತ್ರೆ ಕೊಟ್ಟೆಯಾ?” ಅಮ್ಮ ಅಡುಗೆಮನೆಯಿಂದಲೇ ಕೂಗಿದರು.

“ಕೊಟ್ಟೆ!” ಕಿಡಿಯೂ ಅಷ್ಟೇ ಜೋರಾಗಿ ಕೂಗಿದಳು.

ಕೊಟ್ಟಿರಲಿಲ್ಲ. ಹಳದಿ ಮಾತ್ರೆ ಅವಳ ಎಡಗೈ ಮುಷ್ಟಿಯಲ್ಲೇ ಇತ್ತು. ಬರೀ ಬ್ರೆಡ್ಡಿನ ತುಂಡನ್ನು ಗುಳುಂ ಮಾಡಿದ ಬೂದಿ, ಇನ್ನೊಂದು ಇದೆಯಾ ಎಂಬಂತೆ ಬಾಲ ಅಲ್ಲಾಡಿಸುತ್ತಿತ್ತು. ಕಿಡಿ ಮೆಲ್ಲಗೆ ಜಾಮೆಟ್ರಿ ಬಾಕ್ಸ್ ತೆರೆದು ಮಾತ್ರೆಯನ್ನು ಒಳಗೆ ಹಾಕಿದಳು. ಅಲ್ಲಿ ಆಗಲೇ ಹದಿಮೂರು ಇದ್ದವು.

ಕಿಡಿ ಅನ್ನುವುದು ಅವಳ ಶಾಲೆಯ ಹೆಸರಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ಅಂತ ಚಿಕ್ಕಮ್ಮ ಕರೆಯುವ ಹೆಸರು. ಬೂದು ಬಣ್ಣದ ನಾಯಿ ಮನೆಗೆ ಬಂದಾಗ ಅದಕ್ಕೂ ಹೆಸರಿಟ್ಟವರು ಚಿಕ್ಕಮ್ಮನೇ. “ಕಿಡಿ ಇದ್ದ ಮೇಲೆ ಬೂದಿ ಇರಲೇಬೇಕಲ್ಲ!” ಅಂದು ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಬೂದಿಯನ್ನು ಮೊದಲು ಸಾಕಿದ್ದವರು ಮನೆ ಖಾಲಿ ಮಾಡುವಾಗ ಅದನ್ನು ಒಳಗೇ ಬಿಟ್ಟು, ಬೀಗ ಹಾಕಿಕೊಂಡು ಹೋಗಿದ್ದರು. ಮೂರು ದಿನದ ಮೇಲೆ ಯಾರೋ ಬೀಗ ಒಡೆದು ಹೊರಗೆ ತಂದರು. ಈಗ ಈ ಮನೆಯಲ್ಲಿ ಒಬ್ಬರಾದರೂ ಜೊತೆಗಿದ್ದರೆ ಬೂದಿಯಷ್ಟು ಒಳ್ಳೆಯ ನಾಯಿ ಇಲ್ಲ. ಆದರೆ ಅಮ್ಮ ಚಪ್ಪಲಿ ಅಂಗಡಿಗೆ, ಚಿಕ್ಕಮ್ಮ ಲಿಫ್ಟ್ ರಿಪೇರಿಗೆ, ಕಿಡಿ ಶಾಲೆಗೆ ಹೊರಟು ಬಾಗಿಲು ಹಾಕಿದರೆ ಸಾಕು, ಊಳಿಡಲು ಶುರು. ಬಾಗಿಲನ್ನು ಕೆರೆದು ಕೆರೆದು ಚಕ್ಕೆ ಎಬ್ಬಿಸಿತ್ತು.

ಕೆಳಗಿನ ಮನೆಯ ಓನರ್ ತಾತ ಖಡಾಖಂಡಿತವಾಗಿ ಹೇಳಿದ್ದರು: “ಈ ತಿಂಗಳ ಕೊನೆವರೆಗೆ ನೋಡ್ತೀನಿ. ಆಮೇಲೆ ಒಂದೋ ನಾಯಿ ಹೋಗಬೇಕು, ಇಲ್ಲಾ ನೀವು ಹೋಗಬೇಕು.”

ಅದಕ್ಕೇ ಅವರು ನಾಯಿ ಡಾಕ್ಟರ ಹತ್ತಿರ ಹೋಗಿದ್ದು. ಡಾಕ್ಟರ್ ದಿನಕ್ಕೊಂದು ಮಾತ್ರೆ ಬರೆದರು. ಬೂದಿಯ ಮನಸ್ಸಿಗಂತೆ.

“ನನ್ನ ನಾಯಿಗೆ ಹುಚ್ಚಿಲ್ಲ!” ಕಿಡಿ ಕುರ್ಚಿಯಿಂದ ಎದ್ದೇ ನಿಂತಿದ್ದಳು.

“ಹುಚ್ಚು ಅಂತ ಯಾರಮ್ಮ ಅಂದ್ರು?” ಅಂದರು ಡಾಕ್ಟರ್. “ಇದು ನಿದ್ದೆ ಮಾತ್ರೆನೂ ಅಲ್ಲ. ಭಯ ಸ್ವಲ್ಪ ತಗ್ಗಿದರೆ ನೀವು ಕಲಿಸೋದು ಅವನ ತಲೆಗೆ ಹೋಗುತ್ತೆ.”

ಕಿಡಿ ನಂಬಲಿಲ್ಲ. ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಕನ್ನಡಕದ ಹುಡುಗ ಹೇಳಿದ್ದನಲ್ಲ, ಅವರ ಬೀದಿಯ ಒಂದು ನಾಯಿ ಮಾತ್ರೆ ತಿಂದು ತಿಂದು ಬೊಂಬೆ ಥರ ಕೂತುಬಿಟ್ಟಿದೆ ಅಂತ! ಬೂದಿಗೆ ಭಯವಂತೆ, ಭಯ! ಅದಕ್ಕಿರುವುದು ಸಿಟ್ಟು. ನನ್ನನ್ನು ಯಾಕೆ ಬಿಟ್ಟು ಹೋಗ್ತೀರಿ ಅಂತ ಹಠ. ಹಠಕ್ಕೆಲ್ಲ ಮಾತ್ರೆ ಕೊಡುವುದಾದರೆ ಮೊದಲು ತನಗೇ ಕೊಡಬೇಕು ಅಂದುಕೊಂಡಳು ಕಿಡಿ.

ಹೀಗೆ ಹದಿನಾಲ್ಕು ದಿನ ಕಳೆದವು.

“ಎರಡು ವಾರ ಆಯ್ತಲ್ಲ, ಡಾಕ್ಟರ್ ಹೇಳಿದ ಹಾಗೆ ಒಬ್ಬನೇ ಇದ್ದಾಗ ಏನು ಮಾಡ್ತಾನೆ ಅಂತ ವಿಡಿಯೋ ತೆಗೀಬೇಕು,” ಅನ್ನುತ್ತಾ ಚಿಕ್ಕಮ್ಮ ಅವತ್ತು ಬೆಳಿಗ್ಗೆ ತಮ್ಮ ಹಳೇ ಫೋನನ್ನು ಪುಸ್ತಕದ ಗೂಡಿನಲ್ಲಿ ಒರಗಿಸಿಟ್ಟರು. ಕಿಡಿ ಬೂದಿಯ ಮೆಚ್ಚಿನ ಬಿಸ್ಕತ್ತೊಂದನ್ನು ನೆಲದ ಮೇಲಿಟ್ಟು ಶಾಲೆಗೆ ಹೊರಟಳು.

ಸಂಜೆ ಮೂವರೂ ಮಂಚದ ಮೇಲೆ ಒತ್ತಾಗಿ ಕೂತರು. ಬೂದಿ ಕಿಡಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.

ಫೋನಿನಲ್ಲಿ ಬಾಗಿಲು ಮುಚ್ಚಿತು. ಬೂದಿ ಬಾಗಿಲನ್ನೇ ನೋಡುತ್ತಾ ನಿಂತಿತು.

“ನೋಡಿ ಈಗ, ಹೇಗೆ ಜಗಳಕ್ಕೆ ನಿಲ್ತಾನೆ!” ಅಂದಳು ಕಿಡಿ.

ಬೂದಿ ಜಗಳಕ್ಕೆ ನಿಲ್ಲಲಿಲ್ಲ. ಅದರ ಹಿಂಗಾಲು ನಡುಗತೊಡಗಿತು. ಆಮೇಲೆ ಮೈಯೆಲ್ಲ. ಬಾಯಿಂದ ಜೊಲ್ಲು ದಾರದಂತೆ ಇಳಿಯಿತು. ಬಿಸ್ಕತ್ತಿನ ಮೇಲೇ ಕಾಲಿಟ್ಟುಕೊಂಡು ಹೋಯಿತು, ಮೂಸಿಯೂ ನೋಡಲಿಲ್ಲ. ಕೋಣೆಯನ್ನು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಬಾಗಿಲನ್ನು ಕೆರೆಯುವಾಗ ಉಗುರಿನಿಂದ ರಕ್ತ ಬಂದರೂ ನಿಲ್ಲಿಸಲಿಲ್ಲ. ಕೊನೆಗೆ ತಾನು ಹಿಡಿಸದಷ್ಟು ತಗ್ಗಾದ ಮಂಚದಡಿಗೆ ತಲೆ ತೂರಿಸಿ, ಬಾಲವನ್ನು ಕಾಲ ನಡುವೆ ಸಿಕ್ಕಿಸಿಕೊಂಡು ಊಳಿಟ್ಟಿತು.

ಸಿಟ್ಟು ಹೇಗಿರುತ್ತದೆ ಅಂತ ಕಿಡಿಗೆ ಚೆನ್ನಾಗಿ ಗೊತ್ತು. ಇದು ಅದಲ್ಲ.

“ಸಾಕು, ನಿಲ್ಲಿಸಿ,” ಅಂದಳು.

“ಇದು ಬರೀ ಹತ್ತು ನಿಮಿಷದ್ದು ಕಣೆ. ಇನ್ನೂ ಮೂರು ಗಂಟೆ ಇದೆ,” ಅಂದರು ಚಿಕ್ಕಮ್ಮ.

ಕಿಡಿ ಬೂದಿಯ ಮುಂಗಾಲು ಎತ್ತಿ ನೋಡಿದಳು. ಉಗುರಿನ ಬುಡದಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ದಿನಾ ಈ ಕಾಲನ್ನೇ ಹಿಡಿದು ಆಡಿಸುತ್ತಿದ್ದಳು. ಒಂದು ದಿನವೂ ನೋಡಿರಲಿಲ್ಲ.

ಅಮ್ಮ ನಿಟ್ಟುಸಿರು ಬಿಟ್ಟರು. “ಮಾತ್ರೆ ಏನೂ ಹತ್ತಿದ ಹಾಗೆ ಕಾಣಲ್ಲ. ಡಾಕ್ಟರಿಗೆ ಈಗಲೇ ಫೋನ್ ಮಾಡ್ತೀನಿ. ಜಾಸ್ತಿ ಪವರಿಂದು ಕೊಡ್ತಾರೋ ಏನೋ.”

ಒಂದನ್ನೂ ನುಂಗದ ನಾಯಿಗೆ ಜಾಸ್ತಿ ಪವರಿನ ಮಾತ್ರೆ! ಕಿಡಿ ಎದ್ದು ಜಾಮೆಟ್ರಿ ಬಾಕ್ಸ್ ತಂದಳು. ಮಂಚದ ಮೇಲೆ ಬೋರಲು ಹಾಕಿದಳು. ಕೈವಾರ, ರಬ್ಬರು, ಹದಿನಾಲ್ಕು ಹಳದಿ ಮಾತ್ರೆ.

ಅಮ್ಮ ಮಾತ್ರೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಅಂದರು, “ಹದಿನಾಲ್ಕು ದಿನ ನನಗೆ ಸುಳ್ಳು ಹೇಳಿದೆಯಾ?”

“ಹೇಳಿದೆ!” ಕಿಡಿಯ ಕಣ್ಣಿಂದ ನೀರು ಸುರಿಯುತ್ತಿತ್ತು, ಗದ್ದ ಮಾತ್ರ ಮೇಲೆಯೇ ಇತ್ತು. “ನಂಗೆ ಬೊಂಬೆ ನಾಯಿ ಬೇಡ! ನಂಗೆ ನನ್ನ ಬೂದಿನೇ ಬೇಕು!”

ಚಿಕ್ಕಮ್ಮ ಎದ್ದು ಹೋಗಿ ತಮ್ಮ ಕೆಲಸದ ಚೀಲ ತಂದರು. ಸ್ಪ್ಯಾನರು, ಗ್ರೀಸಿನ ಡಬ್ಬಿಗಳ ಸಂದಿಯಿಂದ ಒಂದು ಮಾತ್ರೆ ಸ್ಟ್ರಿಪ್ ಎಳೆದು ಕಿಡಿಯ ಕೈಗಿಟ್ಟರು.

“ಇದು ನಂದು. ದಿನಾ ಒಂದು ತಗೋತೀನಿ. ಈಗ ಹೇಳು, ನಾನು ಬೊಂಬೆ ಥರ ಕಾಣ್ತೀನಾ?”

ಕಿಡಿ ಕಣ್ಣು ಪಿಳಿಪಿಳಿ ಬಿಟ್ಟಳು. ಮೆಟ್ಟಿಲು ಹತ್ತುವಾಗಲೇ ಸಿಳ್ಳೆ ಹೊಡೆಯುವ, ಆಟೋದವರ ಹತ್ತಿರ ಜಗಳವಾಡುವ, ತಮ್ಮ ಜೋಕಿಗೆ ತಾವೇ ಮೊದಲು ನಗುವ ಚಿಕ್ಕಮ್ಮ!

“ಬೊಂಬೆ ಇಷ್ಟೊಂದು ಮಾತಾಡಲ್ಲ ಬಿಡು,” ಅಂದರು ಅಮ್ಮ, ಇನ್ನೂ ಗಂಟಿಕ್ಕಿದ ಮುಖದಲ್ಲೇ.

“ಹೋದ ವರ್ಷ ಬೆನ್ನುನೋವು ಅಂತ ಎರಡು ತಿಂಗಳು ಮನೇಲಿದ್ನಲ್ಲ, ಬೆನ್ನಿಗೆ ಏನೂ ಆಗಿರಲಿಲ್ಲ,” ಅಂದರು ಚಿಕ್ಕಮ್ಮ. “ಒಂದು ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ದೆ. ಆಮೇಲೆ ಲಿಫ್ಟಿನ ಬಾಗಿಲು ಕಂಡರೆ ಸಾಕು, ಕೈಕಾಲು ನಡುಕ. ಹತ್ತು ವರ್ಷ ಮಾಡಿದ ಕೆಲಸ! ಹಠ ಮಾಡಿ ನೋಡಿದೆ, ಆಗಲಿಲ್ಲ.”

“ಮಾತ್ರೆ ತಗೊಂಡ ತಕ್ಷಣ ಸರಿಹೋಯ್ತಾ?”

“ಎಲ್ಲಿಂದ? ವಾರಗಟ್ಟಲೆ ಆಯ್ತು. ನಡುಕ ಸ್ವಲ್ಪ ನಿಂತಮೇಲೆ ದಿನಾ ಲಿಫ್ಟಲ್ಲಿ ಒಂದೊಂದೇ ಮಹಡಿ ಹೋಗಿಬಂದೆ. ಹಠ ಆಗ ಕೆಲಸಕ್ಕೆ ಬಂತು ನೋಡು.”

ಡಾಕ್ಟರಿಗೆ ಫೋನ್ ಮಾಡಿದವಳು ಕಿಡಿಯೇ. ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. “ಮುಚ್ಚಿಡದೆ ಹೇಳಿದ್ದು ಒಳ್ಳೆದಾಯ್ತು. ನಾಳೆ ಬೆಳಿಗ್ಗೆ ಅದೇ ಮಾತ್ರೆ, ಒಂದೇ. ನಾಳೆಯಿಂದ ಲೆಕ್ಕ. ಆರು ವಾರ ಕಾಯಬೇಕು,” ಅಂದರು.

ತಿಂಗಳ ಕೊನೆಗೆ ಉಳಿದಿದ್ದು ಹತ್ತೇ ದಿನ.

ಕಿಡಿ ಫೋನ್ ಹಿಡಿದುಕೊಂಡು ದಡದಡನೆ ಮೆಟ್ಟಿಲಿಳಿದು ಓನರ್ ತಾತನ ಬಾಗಿಲು ಬಡಿದಳು. ತಾತ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಬಾಗಿಲು ತೆಗೆಯುವಾಗಲೂ ಗಡಿಯಾರ ನೋಡಿಯೇ ತೆಗೆಯುತ್ತಿದ್ದರು.

“ತಾತ, ಬೂದಿಗೆ ಇನ್ನೂ ಆರು ವಾರ ಬೇಕು. ತಪ್ಪು ಅವನದಲ್ಲ, ನಂದು. ನಾನು ಮಾತ್ರೆ ಕೊಟ್ಟಿರಲಿಲ್ಲ.”

“ನಾಯಿಗೂ ಮನಸ್ಸಿನ ಮಾತ್ರೆಯಾ!” ತಾತ ನಕ್ಕರು. “ಇನ್ನು ಇಲಿಗೆ, ಜಿರಲೆಗೆ?”

ಕಿಡಿ ನಗಲಿಲ್ಲ. ಫೋನನ್ನು ಅವರ ಮುಖದ ಮುಂದೆ ಹಿಡಿದಳು. “ಇದನ್ನ ನೋಡಿ ಆಮೇಲೆ ನಗಿ.”

ತಾತ ನೋಡಿದರು. ನಗು ಮೆಲ್ಲಗೆ ಇಳಿಯಿತು. ವಿಡಿಯೋ ಮುಗಿಯುವ ಮೊದಲೇ ಬೇರೆ ಕಡೆ ತಿರುಗಿದರು.

“ಮೂರು ವಾರ ಕೊಡ್ತೀನಿ,” ಅಂದರು.

“ಆರು.”

“ಹೋಗಲಿ, ನಾಲ್ಕು.”

“ಆರು, ತಾತ. ಮಾತ್ರೆಗೆ ಚೌಕಾಸಿ ಗೊತ್ತಿಲ್ಲ.”

ತಾತ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಆಯ್ತಮ್ಮ, ಆರು. ಆದರೆ ಕೂಗಿದ್ದು ಎಷ್ಟು ಗಂಟೆಗೆ, ನಿಂತಿದ್ದು ಎಷ್ಟು ಗಂಟೆಗೆ, ಎಲ್ಲಾ ಬರೆದಿಡ್ತೀನಿ.”

“ಬರೀರಿ. ಡಾಕ್ಟರಿಗೂ ಬೇಕಾಗುತ್ತೆ!”

ಮಾರನೇ ದಿನದಿಂದ ಕಿಡಿ ಮಾತ್ರೆಯನ್ನು ಬ್ರೆಡ್ಡಿನೊಳಗೆ ಒತ್ತಿ, ಅಮ್ಮನ ಎದುರಿಗೇ ತಿನ್ನಿಸಿದಳು. ಸಂಜೆ ಹೊತ್ತು ಪಾಠ. ಬಾಗಿಲು ಹಾಕಿ ಐದು ಎಣಿಸಿ ಒಳಗೆ ಬರುವುದು. ಆಮೇಲೆ ಹತ್ತು. ಆಮೇಲೆ ಒಂದು ನಿಮಿಷ. ಹಗಲಲ್ಲಿ ಬೂದಿ ಒಂಟಿಯಾಗದ ಹಾಗೆ ಅಮ್ಮ, ಚಿಕ್ಕಮ್ಮ ಕೆಲಸದ ಹೊತ್ತು ಆದಷ್ಟು ಬದಲಾಯಿಸಿಕೊಂಡರು. ಮೊದಲ ವಾರ ಬೂದಿ ಸ್ವಲ್ಪ ಮಂಕಾಗಿ ಊಟ ಬಿಟ್ಟಾಗ ಕಿಡಿ ಹೆದರಿ ಡಾಕ್ಟರಿಗೆ ಎರಡು ಸಲ ಫೋನ್ ಮಾಡಿದಳು. ಮೂರನೇ ವಾರ ಎಲ್ಲರೂ ಮನೆ ಬಿಡಲೇಬೇಕಾದ ಒಂದು ದಿನ ಬೂದಿ ಮತ್ತೆ ಊಳಿಟ್ಟಿತು. ತಾತನ ಪುಸ್ತಕದಲ್ಲಿ ‘ಹನ್ನೊಂದು ನಿಮಿಷ’ ಅಂತ ಇತ್ತು. ಮೊದಲು ಗಂಟೆಗಟ್ಟಲೆ ಇರುತ್ತಿತ್ತು.

ಸುದ್ದಿ ಕ್ಲಾಸಿಗೂ ಹೋಯಿತು.

“ಏ, ನಿನ್ನ ನಾಯಿ ಮೆಂಟಲ್ಲಂತೆ? ಮಾತ್ರೆ ತಿನ್ನುತ್ತಂತೆ?” ಕನ್ನಡಕದ ಹುಡುಗ ಎಲ್ಲರಿಗೂ ಕೇಳುವಂತೆ ಅಂದ.

“ಮಾತ್ರೆ ತಿನ್ನುತ್ತೆ,” ಅಂದಳು ಕಿಡಿ, ಅವನಿಗಿಂತ ಜೋರಾಗಿ. “ನೀನು ಕನ್ನಡಕ ಹಾಕ್ಕೊಳ್ಳಲ್ವಾ? ಹಾಗೇ. ಏನೀಗ?”

ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಆರನೇ ವಾರದ ಶನಿವಾರ ಮೂವರೂ ಬೂದಿಯನ್ನು ಬಿಟ್ಟು ನಲವತ್ತು ನಿಮಿಷ ಹೊರಗೆ ಸುತ್ತಿದರು. ಅಮ್ಮ, ಚಿಕ್ಕಮ್ಮ ಕೆಳಗೇ ತಾತನ ಹತ್ತಿರ ಮಾತಿಗೆ ನಿಂತರು. ಕಿಡಿ ಒಬ್ಬಳೇ ಮೆಟ್ಟಿಲು ಹತ್ತಿ ಬಾಗಿಲಿಗೆ ಕಿವಿಯಿಟ್ಟಳು.

ಊಳಿಲ್ಲ. ಕೆರೆತವಿಲ್ಲ. ಏನೂ ಇಲ್ಲ.

ಇಷ್ಟು ದಿನ ಕಾದದ್ದು ಇದೇ ಸದ್ದಿಲ್ಲದ ಮನೆಗೆ. ಆದರೂ ಯಾಕೆ ಇಷ್ಟು ಸುಮ್ಮನಿದ್ದಾನೆ?

ಬಾಗಿಲು ತೆರೆದಳು.

ಕೋಣೆಯ ನಡುವೆ ಬೂದಿ ಕಾಲು ಚಾಚಿ ಮಲಗಿತ್ತು. ಬಾಯಲ್ಲಿ ಕಿಡಿಯ ಹೊಸ ಶೂ. ಲೇಸು ಅರ್ಧ ಜಗಿದು ಮುಗಿದಿತ್ತು.

“ಬೂದಿ! ಕೊಡೋ ಇಲ್ಲಿ!”

ಬೂದಿ ಎದ್ದಿತು. ಬಾಲ ಚಕ್ರದಂತೆ ತಿರುಗಿತು, ಆದರೆ ಶೂ ಕೊಡಲಿಲ್ಲ. ಮುಂಗಾಲು ಬಗ್ಗಿಸಿ, ಹಿಂಭಾಗ ಎತ್ತಿ, ‘ತಾಕತ್ತಿದ್ದರೆ ತಗೋ’ ಅನ್ನುವಂತೆ ಗುರ್ ಅಂದಿತು. ಕಿಡಿ ಎಳೆದಳು. ಅದೂ ಎಳೆಯಿತು. ಕಾಲು ನಡುಗುತ್ತಿರಲಿಲ್ಲ. ಕಣ್ಣು ಮಿಣಮಿಣ ಹೊಳೆಯುತ್ತಿತ್ತು.

ಕಿಡಿ ಆ ಕಣ್ಣನ್ನೇ ನೋಡಿದಳು. ಇದು ಹಠ. ಅಪ್ಪಟ ಹಠ.

“ಏನೇ ಅದು ಸದ್ದು? ಎಲ್ಲಾ ಸರಿಯಿದೆಯಾ?” ಅಮ್ಮ ಕೆಳಗಿನಿಂದ ಕೂಗಿದರು.

ಕಿಡಿಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಅವಳು ನೆಲಕ್ಕೆ ಕೂತು, ಎರಡೂ ಕೈಯಲ್ಲಿ ಶೂ ಹಿಡಿದು, ಹಲ್ಲು ಕಚ್ಚಿ ಎಳೆಯುತ್ತಿದ್ದಳು.